ದ್ಯಾವೀರಮ್ಮನ ನಿದ್ದೆ ಮತ್ತು ಕರೀ ಪರದೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಮಗಾ, ನನಗೂ ಇವತ್ತು ಸಾಕಾಗಿದೆ, ಒಬ್ಬ ರಾಜ ಇದ್ದನಂತೆ. ಅವನಿಗೆ ಮೂರು ಕೆರೆ. ಯಾವ ಕೆರೇಲಿ ಎಷ್ಟು ನೀರಿದೆ ಅಂತ ತೋರಿಸೋಕೆ ಅರಮನೇಲಿ ಒಂದು ಕಂಪ್ಯೂಟರ್ ಇತ್ತಂತೆ. ಅದರ ಪರದೆ ಬರೀ ಕಪ್ಪು, ಚಿತ್ರ ಗಿತ್ರ ಏನಿಲ್ಲ, ಅಕ್ಷರ ಮಾತ್ರ ಮೂಡೋದು, ಅದಕ್ಕೆ ಟರ್ಮಿನಲ್ ಅನ್ನೋರಂತೆ. ಅದನ್ನ ನೋಡ್ಕೊಂಡು ನೀರಗಂಟಿ ಮಾರಯ್ಯ ನೀರು ಬಿಡೋಕೆ, ನಿಲ್ಲಿಸೋಕೆ ಕೆರೆ ತೂಬು ಎತ್ತೋದು, ಇಳಿಸೋದು ಮಾಡ್ತಿದ್ದನಂತೆ.

ಆ ಪರದೆಗೆ ಕೋಡು, ಅಂದ್ರೆ ಕಂಪ್ಯೂಟರಿಗೆ ಕೊಡೋ ಅಪ್ಪಣೆ, ಬರೆಯೋಳು ದ್ಯಾವೀರಮ್ಮ. ಪಾಪ, ಅವಳ ಪಾಡು ಯಾರಿಗೂ ಬೇಡ. ಆ ಸಾಲಿಗೆ ಹೋಗು, ಈ ಅಕ್ಷರದ ಜಾಗಕ್ಕೆ ಬಾ, ಇಲ್ಲಿ ಗೆರೆ ಎಳಿ, ಅಲ್ಲಿ ಅಂಕಿ ಅಳಿಸು, ಹೊಸದು ಬರಿ, ಅಂತ ಒಂದೊಂದನ್ನೂ ಅವಳೇ ಹೇಳಬೇಕಿತ್ತಂತೆ. ಪರದೆ ಮೇಲೆ ಒಂದೊಂದು ಕೆರೆಗೂ ಒಂದೊಂದು ಚೌಕ, ಒಂದನ್ನ ಸರಿ ಮಾಡೋ ಹೊತ್ತಿಗೆ ಇನ್ನೊಂದು ಕೆಡೋದು. ತಾಯೀ ಬಾರವ್ವಾ, ಎರಡನೇ ಕೆರೆ ಮೂರನೇದರ ಮೇಲೆ ಹತ್ತಿ ಕೂತದೆ, ಅಂತ ಮಾರಯ್ಯ ಕೂಗೋನು, ಇವಳು ಎದ್ದು ಓಡೋಳು. ಹಿಂಗೇ ಆಗಿ ಆಗಿ, ಅನ್ನ ಬೇಡ, ಸೀರೆ ಬೇಡ, ಕಣ್ತುಂಬ ಒಂದು ನಿದ್ದೆ ಸಿಕ್ಕರೆ ಸಾಕು ಅನ್ನೋ ಹಂಗಾಯ್ತಂತೆ ಅವಳಿಗೆ.

ಆಮೇಲೆ ಒಬ್ಬಳು ಮುದುಕಿ ಬಂದು ಅವಳ ಕೈಗೆ ಒಂದು ಗಂಟು ಕೊಟ್ಟಳಂತೆ. ಇದು ಲೈಬ್ರರಿ ಕಣೇ, ಪುಸ್ತಕದ್ದಲ್ಲ, ಯಾರೋ ಮೊದಲೇ ಬರೆದಿಟ್ಟ ಕೋಡಿಂದು. ಇದರೊಳಗೆ ಒಂದು ಭೂತ ಇದೆ. ಪರದೆ ಹೆಂಗಿರಬೇಕು ಅಂತ ಮಾತ್ರ ಅದಕ್ಕೆ ಹೇಳು, ಹೆಂಗೆ ಬರೀಬೇಕು ಅನ್ನೋದು ಅದರ ಪಾಡು, ನೀನು ಕೈ ಹಾಕಬೇಡ, ಅಂದಳಂತೆ.

ಮೂರು ಚೌಕ ಅಕ್ಕಪಕ್ಕ ಇರಲಿ, ಮೇಲೆ ಕೆರೆ ಹೆಸರು, ಕೆಳಗೆ ನೀರಿನ ಮಟ್ಟ, ಅಂತ ದ್ಯಾವೀರಮ್ಮ ಹೇಳಿದಳಂತೆ. ಅಷ್ಟೇ ಹೇಳಿದ್ದು. ರಾಜ ಪರೀಕ್ಷೆ ಮಾಡೋಕೆ ಬಂದ. ಮೊದಲು ಒಂದು ಕೆರೆ ತೂಬು ಎತ್ತಿಸಿದ, ಆ ಅಂಕಿಯೊಂದೇ ಬದಲಾಯ್ತು, ಉಳಿದದ್ದು ಮಿಸುಕಲೇ ಇಲ್ಲವಂತೆ. ಆಮೇಲೆ ಪರದೇಲಿ ಅಕ್ಷರ ಮೂಡೋ ಜಾಗಾನ ಕುಗ್ಗಿಸಿದ, ಚೌಕಗಳೆಲ್ಲ ಒತ್ತರಿಸ್ಕೊಂಡು ಕೂತವಂತೆ. ಆಮೇಲೆ ಮೂರನೇದು, ಜೋರು ಮಳೆ ಬಂದು ಮೂರು ಕೆರೇಲೂ ಒಟ್ಟಿಗೇ ನೀರು ಏರ್ತು. ಭೂತದ ಕೈಲಿ ಆಗುತ್ತೋ ಇಲ್ವೋ ಅಂತ ದ್ಯಾವೀರಮ್ಮ, ಹಳೇ ಚಾಳಿ ನೋಡು, ತಾನೂ ನಡುವೆ ನುಗ್ಗಿ ಒಂದು ಸಾಲು ಅಳಿಸಿ ಬರೆದಳಂತೆ. ಅದು ಬರೆದದ್ದರ ಮೇಲೆ ಇವಳು, ಇವಳು ಬರೆದದ್ದರ ಮೇಲೆ ಅದು, ಪರದೆಯೆಲ್ಲಾ ರಂಪ!

ಯಾವ ತೂಬು ಎತ್ತಲವ್ವಾ, ಒಂದೂ ಕಾಣಾಕಿಲ್ಲ, ಅಂತ ಮಾರಯ್ಯ ಬಾಯಿ ಬಡ್ಕೊಂಡನಂತೆ. ರಾಜ ಕೆಂಡವಾದ. ಆಗ ಭೂತ, ನೀನು ಬಿಟ್ಟರಲ್ಲವೇನೇ ನಾನು ಮಾಡೋದು, ಅಂದಿತಂತೆ. ಅವಳಿಗೆ ವಾದ ಮಾಡೋಕೂ ತ್ರಾಣ ಇರಲಿಲ್ಲ ಮಗಾ. ತಾನು ಸೇರಿಸಿದ ಸಾಲು ತೆಗೆದು ಹಾಕಿ, ಎರಡೂ ಕೈ ಸೆರಗಿನೊಳಗೆ ಇಟ್ಕೊಂಡು ಕೂತಳಂತೆ. ಚೌಕಗಳು ನೆಟ್ಟಗಾದವು, ಅಂಕಿ ಕಂಡವು, ಮಾರಯ್ಯ ಸರಿಯಾದ ತೂಬು ಎತ್ತಿದ, ಕೆರೆ ಏರಿ ಒಡೀಲಿಲ್ಲ. ರಾಜನ ಕೋಪ ಇಳೀತು, ಏನು ಬೇಕು ಕೇಳಮ್ಮ, ಅಂದ. ನೋಡಿದರೆ ಕೂತಲ್ಲೇ ನಿದ್ದೆ ಹೋಗಿದ್ದಳಂತೆ.

ಎಷ್ಟೋ ಹೊತ್ತಾದ ಮೇಲೆ ಬೆಚ್ಚಿಬಿದ್ದು ಎದ್ದು, ಅಯ್ಯೋ ಮಾರಯ್ಯ, ಯಾಕೆ ಕೂಗಲಿಲ್ಲ ನನ್ನ, ಅಂದಳಂತೆ. ಕೂಗೋ ಅಂಥದ್ದು ಏನೂ ಆಗಲಿಲ್ಲ ತಾಯೀ, ಮಲಗು, ಅಂದನಂತೆ ಅವನು. ಅವಳಿಗೆ ಅಳು ಬಂತು. ಅತ್ತು, ಮಗ್ಗುಲು ಹೊರಳಿ, ಮತ್ತೆ ಮಲಗಿದಳಂತೆ.

ಅಲ್ಲಿಗೆ ಕತೆ ಮುಗೀತು ಮಗಾ, ಇನ್ನು ನನ್ನನ್ನೂ ಮಲಗೋಕೆ ಬಿಡು.