ಠಸ್ಸೆಯಿಂದ ಇಳಿದು ಹೋದ ಆನೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ ಎಂದು ಶುರು ಮಾಡಿದರೆ ತಪ್ಪಾಗುತ್ತದೆ. ಆ ರಾಜ ಊರಿನಲ್ಲಿ ಇರುತ್ತಲೇ ಇರಲಿಲ್ಲ. ಆದ್ದರಿಂದ ಸರಿಯಾಗಿ ಹೇಳೋಣ. ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇರುತ್ತಿರಲಿಲ್ಲ. ಅವನ ಹೆಸರು ಮುಮ್ಮಡಿ ಚಿಕ್ಕಭೂಪ. ಅವನಿಗಿಂತ ಮುಂಚೆ ಆ ವಂಶದಲ್ಲಿ ಚಿಕ್ಕಭೂಪ ಎಂಬವರು ಯಾರೂ ಆಗಿರಲಿಲ್ಲ. ಮುಮ್ಮಡಿ ಎನ್ನುವುದು ಕೇಳಲು ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದ, ಅಷ್ಟೆ.

ರಾಜ ಎಲ್ಲಿರುತ್ತಿದ್ದ? ಕಾಡಿಗೆ ಹೋಗುವ ದಾರಿಯಲ್ಲಿ, ಇಲ್ಲವೇ ಕಾಡಿನಿಂದ ಬರುವ ದಾರಿಯಲ್ಲಿ. ಕಾಡಿನೊಳಗೆ ಮಾತ್ರ ಇರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಾಡಲ್ಲ, ಕಾಡಿನ ಠಸ್ಸೆ.

ಆ ರಾಜ್ಯದಲ್ಲಿ ಪ್ರತಿ ಕಾಡಿನ ಬಾಗಿಲಲ್ಲೂ ಒಂದು ಚೌಕಿ ಇತ್ತು. ಚೌಕಿಯ ಮೇಜಿನ ಮೇಲೆ ಒಂದು ಮರದ ಠಸ್ಸೆ, ಒಂದು ಶಾಯಿಪ್ಯಾಡು. ಒಂದು ಕಾಡಿಗೆ ಹುಲಿಯ ಠಸ್ಸೆ, ಒಂದಕ್ಕೆ ನವಿಲಿನದು, ಒಂದಕ್ಕೆ ಮೊಸಳೆಯದು. ಇದು ರಾಜನ ಅಜ್ಜಿ ಮಾಡಿದ ಏರ್ಪಾಡು. ಅಜ್ಜಿಯ ಕಾಲದಲ್ಲಿ ಬಂದವರು ಚೌಕಿಯ ಮುಂದಿನ ದಿಮ್ಮಿಯ ಮೇಲೆ ಕೂರಬೇಕಿತ್ತು. ಕಾವಲಿನವರು ಹೇಳುವ ಕಾಡಿನ ಪಾಠ ಕೇಳಬೇಕಿತ್ತು. ಅವರ ಜೊತೆ ಒಂದು ಸುತ್ತು ನಡೆದು ಬಂದು, ಬಲಗೈ ಎತ್ತಿ, ಕಾಡನ್ನು ಕಾಯುತ್ತೇನೆ ಎಂದು ಪ್ರಮಾಣ ಮಾಡಬೇಕಿತ್ತು. ಆಗ ‘ಕಿರಿಯ ಕಾವಲಿನವ’ ಎಂಬ ಮರದ ಬಿಲ್ಲೆ ಸಿಗುತ್ತಿತ್ತು. ನೆನಪಿಗೆ ಅವರವರು ತಂದ ಪುಸ್ತಕದ ಮೇಲೆ ಠಸ್ಸೆ ಬೀಳುತ್ತಿತ್ತು.

ಮೊಮ್ಮಗ ಪಟ್ಟಕ್ಕೆ ಬಂದವನೇ ಒಂದು ಸಣ್ಣ ತಿದ್ದುಪಡಿ ಮಾಡಿದ. ಮೊದಲು ಠಸ್ಸೆ, ಆಮೇಲೆ ಪಾಠ. ಬೇರೇನನ್ನೂ ಮುಟ್ಟಲಿಲ್ಲ. ಠಸ್ಸೆ ಬಿದ್ದ ಮೇಲೆ ಪಾಠಕ್ಕೆ ಯಾರೂ ಕೂರಲಿಲ್ಲ. ಮೊದಲು ರಾಜ ಕೂರಲಿಲ್ಲ, ಆಮೇಲೆ ಪ್ರಜೆಗಳು ಕೂರಲಿಲ್ಲ. ಠಸ್ಸೆ ಬಿದ್ದರೆ ಕಾಡು ನೋಡಿದ ಹಾಗೆಯೇ ಎಂದು ರಾಜ ಒಂದು ಆಜ್ಞೆ ಹೊರಡಿಸಿದ.

ದಿವಾನ ಲಕ್ಕಪ್ಪಯ್ಯ ಬುದ್ಧಿವಂತ. ಅವನು ಈ ಆಜ್ಞೆಯನ್ನು ಅಲ್ಲಿಗೇ ಬಿಡಲಿಲ್ಲ. ಠಸ್ಸೆ ಇದ್ದದ್ದನ್ನು ನೋಡಬಹುದು. ಹಾಗಾದರೆ ಠಸ್ಸೆ ಇಲ್ಲದ್ದನ್ನು ನೋಡಲಾಗದು. ನೋಡಲಾಗದ್ದು ಇರುವುದಿಲ್ಲ. ಹೀಗೆ, ಠಸ್ಸೆ ಮಾಡಿಸಿಕೊಳ್ಳದ ಒಂದು ಗುಡ್ಡವನ್ನು ಇಲ್ಲವೆಂದು ಸಾರಲಾಯಿತು. ಜನ ಅದರ ಮೂಲಕ ನೇರವಾಗಿ ನಡೆದು ಹೋಗಬೇಕೆಂದು ಅಪ್ಪಣೆಯಾಯಿತು. ಜನ ಸ್ವಲ್ಪ ಕಾಲ ಹಣೆ ಊದಿಸಿಕೊಂಡು ಓಡಾಡಿದರು. ಕೊನೆಗೆ ಗುಡ್ಡವೇ ನಾಚಿಕೊಂಡು ಪಕ್ಕದ ರಾಜ್ಯಕ್ಕೆ ಹೋಯಿತು. ದಿವಾನನ ಅತ್ತೆ ಮುಂಜಾಗ್ರತೆಗೆಂದು ತನ್ನದೊಂದು ಠಸ್ಸೆ ಮಾಡಿಸಿ ಸೊಂಟಕ್ಕೆ ಕಟ್ಟಿಕೊಂಡಳು.

ಈಗ ಮುತ್ತುಗದ ಕಾಡಿಗೆ ಬರೋಣ. ರಾಜನ ಪುಸ್ತಕದಲ್ಲಿ ಬಾಕಿ ಉಳಿದಿದ್ದ ಠಸ್ಸೆ ಇದೊಂದೇ. ಇಲ್ಲಿನ ಠಸ್ಸೆಯಲ್ಲಿ ಒಂದು ಆನೆ. ಇಲ್ಲಿನ ಕಾವಲು ಕೇತಮ್ಮನದು. ಅವಳು ಹುಟ್ಟಿದ್ದು ಇದೇ ಕಾಡಿನಲ್ಲಿ, ನಡೆಯಲು ಕಲಿತದ್ದು ಇದೇ ಕಾಡಿನಲ್ಲಿ, ಎಡವಿ ಹಲ್ಲು ಮುರಿದುಕೊಂಡದ್ದೂ ಇಲ್ಲಿಯೇ. ಆಜ್ಞೆಯಲ್ಲಿ ‘ಆಮೇಲೆ ಪಾಠ’ ಎಂದು ಇತ್ತಲ್ಲ. ಆದ್ದರಿಂದ ಅವಳು ದಿನಾ ಬೆಳಿಗ್ಗೆ ಖಾಲಿ ದಿಮ್ಮಿಗೆ ಪಾಠ ಮಾಡುತ್ತಿದ್ದಳು. ಕೇಳುವವರು ಇರಬೇಕು ಎಂದು ಆಜ್ಞೆಯಲ್ಲಿ ಎಲ್ಲೂ ಇರಲಿಲ್ಲ.

ರಾಜ ಬರುತ್ತಾನೆ ಎಂದು ಸುದ್ದಿ ಬಂತು. ಕೇತಮ್ಮ ಠಸ್ಸೆಯನ್ನು ಒಂದು ಮುತ್ತುಗದ ಎಲೆಯ ಮೇಲೆ ಒತ್ತಿ ನೋಡಿದಳು. ದುಂಡನೆಯ ಅಂಚು ಬಿತ್ತು. ಹುಲ್ಲು ಬಿತ್ತು. ಆನೆ ಬೀಳಲಿಲ್ಲ.

“ಆನೆ ಎಲ್ಲಿ?” ಎಂದು ಶಾಯಿಪ್ಯಾಡನ್ನು ಕೇಳಿದಳು.

“ನನ್ನನ್ನೇನು ಕೇಳ್ತೀಯ? ಒದ್ದೆ ಮಾಡೋದು ನನ್ನ ಕೆಲಸ. ಕಾಯೋದು ನಿನ್ನ ಕೆಲಸ,” ಅಂದಿತು ಶಾಯಿಪ್ಯಾಡು. ಅದಕ್ಕೆ ಮೊದಲಿನಿಂದಲೂ ಬಾಯಿ ಜಾಸ್ತಿ.

“ಯಾವಾಗ ಹೋಯ್ತು?”

“ನೀನು ಬಿದಿರಿನ ಪಾಠ ಮಾಡ್ದಾಗಲೇ ಒಂದು ಕಾಲು ಹೊರಗಿಟ್ಟಿತ್ತು. ಹಳ್ಳದ ಪಾಠಕ್ಕೆ ಇನ್ನೊಂದು. ನಿನ್ನೆ ಕೆಸರಲ್ಲಿ ಹೊರಳೋ ಪಾಠ ಮಾಡಿದೆ ನೋಡು, ತಡೀಲಿಲ್ಲ, ಎದ್ದು ಹೊರಟೇಹೋಯ್ತು. ಅಷ್ಟು ಚೆನ್ನಾಗಿ ಯಾಕೆ ಹೇಳ್ತೀಯ ನೀನು? ಬೇರೆ ಚೌಕಿಗಳಲ್ಲಿ ಯಾರೂ ಪಾಠ ಮಾಡಲ್ಲ. ಅವರ ಹುಲಿಗಳು ತೆಪ್ಪಗೆ ಕೂತಿವೆ.”

ಕೇತಮ್ಮನಿಗೆ ಭಯವಾಯಿತು. ಇಷ್ಟು ಕಾಲ ಯಾರೋ ಕೇಳಿಸಿಕೊಳ್ಳುತ್ತಿದ್ದರು ಎಂದು ತಿಳಿದು ಸ್ವಲ್ಪ ಸಂತೋಷವೂ ಆಯಿತು. ಎರಡರಲ್ಲಿ ಯಾವುದನ್ನು ಮೊದಲು ಅನುಭವಿಸಬೇಕೆಂದು ಅವಳು ಯೋಚಿಸುತ್ತಿರುವಾಗ ದಿವಾನ ಲಕ್ಕಪ್ಪಯ್ಯ ಮುಂಚಿತವಾಗಿ ಪರೀಕ್ಷೆಗೆ ಬಂದ. ಎಲೆಯನ್ನು ಎತ್ತಿ ನೋಡಿದ.

“ಇದೇನು, ಊಟದ ತಟ್ಟೆಯಾ?”

“ನಮ್ಮ ಕಾಡಿನ ಠಸ್ಸೆ ಬುದ್ಧಿ. ಆನೆ ಹೊರಗೆ ಹೋಗಿದೆ.”

“ಆನೆ ಇಲ್ಲ ಅಂದ್ರೆ ಠಸ್ಸೆ ಇಲ್ಲ. ಠಸ್ಸೆ ಇಲ್ಲ ಅಂದ್ರೆ ಕಾಡಿಲ್ಲ,” ಅಂದ ದಿವಾನ. ಅವನ ಮುಖ ಅರಳಿತು. “ಒಳ್ಳೇದೇ ಆಯ್ತು. ದೊರೆಗಳ ಠಸ್ಸೆಪುಸ್ತಕ ಇಡೋಕೆ ಒಂದು ಅರಮನೆ ಕಟ್ಟಬೇಕಿತ್ತು. ಖಾಲಿ ಜಾಗ ಸಿಗದೆ ಒದ್ದಾಡ್ತಿದ್ದೆ.”

“ಖಾಲಿ ಎಲ್ಲಿದೆ ಬುದ್ಧಿ? ಮರಗಳಿವೆ.”

“ಇಲ್ಲದ ಕಾಡಿನ ಮರಗಳು ಕೇತಮ್ಮ. ಕಡಿದರೂ ಯಾರಿಗೂ ಗೊತ್ತಾಗಲ್ಲ. ನಾಳೆ ದೊರೆ ಬಂದಾಗ ಆನೆ ಇದ್ದರೆ ಕಾಡು. ಇಲ್ಲದಿದ್ದರೆ ಅರಮನೆ.” ಹೀಗೆ ಹೇಳಿ, ಇಲ್ಲದ ಮರದ ಒಂದು ಕೊಂಬೆಗೆ ತಲೆ ತಗ್ಗಿಸಿ ದಾಟಿಹೋದ.

ಕೇತಮ್ಮ ಆನೆಯನ್ನು ಹುಡುಕಲು ಹೊರಟಳು. ಹುಡುಕುವುದು ಕಷ್ಟವಾಗಲಿಲ್ಲ. ಎಲೆಯೆಲೆಯ ಮೇಲೂ ನೇರಳೆ ಶಾಯಿಯ ಪುಟ್ಟ ಹೆಜ್ಜೆ ಇತ್ತು. ಆನೆ ಹಳ್ಳದ ಒಂದು ಕಲ್ಲಿನ ಮೇಲೆ ನಿಂತಿತ್ತು. ಹೆಬ್ಬೆರಳಷ್ಟು ಎತ್ತರ. ಅದಕ್ಕೆ ಇದ್ದದ್ದು ಒಂದೇ ಮಗ್ಗುಲು. ಪಕ್ಕದಿಂದ ನೋಡಿದರೆ ಆನೆ, ಎದುರಿಂದ ನೋಡಿದರೆ ಒಂದು ಗೆರೆ.

“ನೀನು ಹಳ್ಳ ಬಲಗಡೆ ಅಂದಿದ್ದೆ. ನನಗೆ ಎಡಗಡೆ ಸಿಕ್ತು,” ಅಂದಿತು ಆನೆ.

“ಠಸ್ಸೆಯಲ್ಲಿ ನಿನ್ನನ್ನ ತಿರುಗಾಮುರುಗಾ ಕೆತ್ತಿದಾರೆ ಕಣಪ್ಪ. ಎಲ್ಲ ಹಾಗೇ ಕಾಣುತ್ತೆ. ನಡಿ, ಮನೆಗೆ ಹೋಗೋಣ.”

“ಬರಲ್ಲ. ಬಿದಿರು ಹೂ ಬಿಡುತ್ತೆ ಅಂದಿದ್ದೆ. ಇನ್ನೂ ಬಿಟ್ಟಿಲ್ಲ.”

“ಅದು ಆಯಸ್ಸಿಗೊಂದು ಸಲ ಬಿಡೋದು ಅಂತಲೂ ಹೇಳಿದ್ದೆ.”

“ಅದಕ್ಕೇ ಕಾಯ್ತಿದ್ದೀನಿ.”

ಕೇತಮ್ಮ ಅರಮನೆಯ ವಿಷಯ ಹೇಳಿದಳು. ನೀನು ಬರದಿದ್ದರೆ ನೋಡುವುದಕ್ಕೆ ಕಾಡೇ ಇರುವುದಿಲ್ಲ ಅಂದಳು. ಆನೆ ಸೊಂಡಿಲು ಕೆರೆದುಕೊಂಡು ಯೋಚಿಸಿತು. “ನನ್ನ ಬದಲಿಗೆ ಯಾರನ್ನಾದ್ರೂ ಠಸ್ಸೆಯಲ್ಲಿ ನಿಲ್ಲಿಸು,” ಅಂದಿತು.

ಕೇತಮ್ಮ ನಿಜವಾದ ಆನೆಯ ಬಳಿ ಹೋದಳು. ಅದು ಹಿಂಡಿಗೆಲ್ಲ ಹಿರಿಯದು. “ಠಸ್ಸೆಯೊಳಗೆ ನೀರಿದೆಯಾ?” ಅಂತ ಕೇಳಿತು. ಶಾಯಿ ಇದೆ ಅಂದಳು. “ಬೇಡ,” ಅಂದು ಸೊಪ್ಪು ಮುರಿಯತೊಡಗಿತು. ಕೇತಮ್ಮ ಕಾಡುಕೋಣ ಕಾಟಿಯ ಬಳಿ ಹೋದಳು. “ಠಸ್ಸೆಯ ಹಿಡಿ ಮೇಲೆ ಆನೆ ಅಂತ ಕೆತ್ತಿದೆ. ನಾನು ನಿಂತರೆ ಸುಳ್ಳಾಗುತ್ತೆ. ನಮ್ಮ ಮನೆತನದಲ್ಲಿ ಅದಿಲ್ಲ,” ಅಂದಿತು ಕಾಟಿ. ಮುಳ್ಳುಹಂದಿಯ ಬಳಿ ಹೋದಳು. ಅದು ಒಪ್ಪಿತು, ಆದರೆ ಶಾಯಿಪ್ಯಾಡು ಒಪ್ಪಲಿಲ್ಲ. ಆಮೆಯ ಬಳಿ ಹೋದಳು. ಆಮೆ ಕೂಡಲೇ ಒಪ್ಪಿ ಹೊರಟಿತು. ಅದು ಈಗಲೂ ಬರುತ್ತಿದೆ.

ಕೇತಮ್ಮ ಮತ್ತೆ ಕಲ್ಲಿನ ಹತ್ತಿರ ಬಂದು ಕೂತಳು. ಶಾಯಿ ಆನೆಗೆ ಅವಳ ಮುಖ ನೋಡಲಾಗಲಿಲ್ಲ.

“ನೋಡು ಕೇತಮ್ಮ,” ಅಂದಿತು. “ನಾನು ನಿನ್ನ ಪಾಠ ಪೂರ್ತಿ ಕೇಳಿದ ಪ್ರಾಣಿ. ಪಾಠ ಕೇಳದೋರ ಪುಸ್ತಕಕ್ಕೆ ಬಿದ್ದೂ ಬಿದ್ದೂ ಮೈ ನೋಯುತ್ತೆ. ದೊರೆ ದಿಮ್ಮಿ ಮೇಲೆ ಕೂತು ಕೊನೇವರೆಗೆ ಕೇಳಲಿ. ಕೇಳಿದ ದಿನವೇ ಬರ್ತೀನಿ.”

“ದೊರೆ ಠಸ್ಸೆ ಬೀಳದೆ ಪಾಠಕ್ಕೆ ಕೂರಲ್ಲ. ನೀನು ಪಾಠ ಆಗದೆ ಠಸ್ಸೆಗೆ ಬರಲ್ಲ.”

“ಹೌದಲ್ವಾ,” ಅಂದಿತು ಆನೆ. ಅಂದು, ಬಿದಿರಿನ ಕಡೆ ನೋಡತೊಡಗಿತು.

ಮಾರನೆಯ ದಿನ ರಾಜ ಬಂದ. ಪಲ್ಲಕ್ಕಿಯಲ್ಲಿ ಬಂದ. ಹಿಂದೆ ಒಂದು ಎತ್ತಿನ ಗಾಡಿಯಲ್ಲಿ ಠಸ್ಸೆಪುಸ್ತಕ ಬಂತು. ರಾಜ ಯಾವ ಕಾಡಿನಲ್ಲೂ ಪಲ್ಲಕ್ಕಿ ಇಳಿದವನಲ್ಲ. ಪರದೆಯಿಂದ ಒಂದು ಕೈ ಹೊರಗೆ ಬಂದು “ಹ್ಞೂಂ” ಅನ್ನುತ್ತಿತ್ತು. ಕೇತಮ್ಮ ಪುಸ್ತಕದ ಕೊನೆಯ ಹಾಳೆಯ ಮೇಲೆ ಠಸ್ಸೆ ಒತ್ತಿದಳು. ಅಂಚು ಬಿತ್ತು, ಹುಲ್ಲು ಬಿತ್ತು.

ಪರದೆಯಿಂದ ಮೊದಲ ಸಲ ಒಂದು ತಲೆ ಹೊರಗೆ ಬಂತು. ಕೇತಮ್ಮನಿಗೆ ಆಶ್ಚರ್ಯವಾಯಿತು. ರಾಜನಿಗೆ ಕೈ ಅಲ್ಲದೆ ಬೇರೆ ಅಂಗಗಳೂ ಇವೆಯೆಂದು ಕಾವಲಿನವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಆನೆ ಎಲ್ಲಮ್ಮ?”

“ಠಸ್ಸೆ ಅರ್ಧ ಬಿದ್ದಿದೆ ಬುದ್ಧಿ. ಮಿಕ್ಕರ್ಧ ಕಾಡು ನೋಡೋಕೆ ಹೋಗಿದೆ. ಬರುತ್ತೆ.”

ರಾಜ ದಿವಾನನ ಕಡೆ ತಿರುಗಿದ. “ಅರ್ಧ ಠಸ್ಸೆ ಬಿದ್ದರೆ ಏನು ಲಕ್ಕಪ್ಪಯ್ಯ?”

ದಿವಾನನಿಗೆ ಅರಮನೆ ಬೇಕಿತ್ತು. ಆದರೆ ತರ್ಕ ಅದಕ್ಕಿಂತ ಹೆಚ್ಚು ಬೇಕಿತ್ತು. “ಕಾಡು ಅರ್ಧ ಇದೆ ಅಂತ ಆಯ್ತು ಬುದ್ಧಿ. ತಾವೂ ಅರ್ಧ ಬಂದಿದ್ದೀರಿ ಅಂತ ಆಯ್ತು.”

“ಈಗ ನಾನು ಹೊರಟುಹೋದರೆ?”

“ಬಂದಷ್ಟೇ ಹೋಗಬಹುದು. ಮಿಕ್ಕರ್ಧ ಇಲ್ಲೇ ಉಳಿಯುತ್ತೆ.”

“ಯಾವ ಅರ್ಧ?”

ದಿವಾನ ರಾಜನನ್ನು ಮೇಲಿಂದ ಕೆಳಗೆ ನೋಡಿದ. “ಅದು ಆಜ್ಞೆಯಲ್ಲಿ ಇಲ್ಲ ಬುದ್ಧಿ.”

ರಾಜ ತನ್ನ ಎರಡು ಕಾಲುಗಳನ್ನೂ ಮುಟ್ಟಿ ನೋಡಿಕೊಂಡ. ಎರಡೂ ಬೇಕೆನಿಸಿತು. “ಎಷ್ಟು ಹೊತ್ತು ಕಾಯಬೇಕಮ್ಮ?”

“ಒಂದು ಪಾಠದಷ್ಟು ಹೊತ್ತು.”

“ಮೊದಲು ಠಸ್ಸೆ, ಆಮೇಲೆ ಪಾಠ. ನಾನೇ ಮಾಡಿದ ಆಜ್ಞೆ.”

“ಠಸ್ಸೆ ಶುರುವಾಗಿದೆಯಲ್ಲ ಬುದ್ಧಿ. ಪಾಠವೂ ಶುರುವಾಗಬಹುದು.”

ದಿವಾನ ಇದರಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ರಾಜ ಪಲ್ಲಕ್ಕಿಯಿಂದ ಇಳಿದು ದಿಮ್ಮಿಯ ಮೇಲೆ ಕೂತ.

ಕೇತಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ಇಷ್ಟು ಕಾಲ ದಿಮ್ಮಿ ಅವಳನ್ನು ತಿರುಗಿ ನೋಡಿದ್ದಿಲ್ಲ. ಈಗ ದಿಮ್ಮಿಗೆ ಕಣ್ಣು ಬಂದಿತ್ತು, ಮೀಸೆಯೂ ಇತ್ತು. ಬಿದಿರಿನ ಪಾಠ ಹೇಳಹೋಗಿ ಹಳ್ಳದ ಪಾಠ ಹೇಳಿದಳು, ಅಲ್ಲಿಂದ ಗೆದ್ದಲಿಗೆ ಹೋದಳು. ರಾಜ ಆಕಳಿಸಿದ. “ಇದರಲ್ಲಿ ಠಸ್ಸೆ ಎಲ್ಲಿ ಬರುತ್ತೆ?” ಅಂದ.

ಕೇತಮ್ಮನಿಗೆ ಕಾಡು ಕಾಲಡಿಯಿಂದ ಜಾರುತ್ತಿರುವಂತೆ ಆಯಿತು. ಪಾಠ ನಿಲ್ಲಿಸಿದಳು. ಪಕ್ಕದಲ್ಲಿ ಬಿದ್ದಿದ್ದ ಒಂದು ಒಣಗಿದ ಲದ್ದಿಯ ಉಂಡೆ ಎತ್ತಿ ರಾಜನ ಎರಡೂ ಕೈಗಳಲ್ಲಿ ಇಟ್ಟಳು.

“ಇದು ಏನು?”

“ಆನೆ ಲದ್ದಿ. ಮುರೀರಿ.”

ಯಾರೂ ರಾಜನಿಗೆ ಹೀಗೆ ಹೇಳಿದ್ದಿಲ್ಲ. ಅದಕ್ಕೇ ಅವನು ಮುರಿದ. ಒಳಗೆ ನಾರು ಇತ್ತು. ನಾರಿನ ನಡುವೆ ಬೀಜಗಳಿದ್ದವು. ಒಂದು ಬೀಜ ಮೊಳಕೆ ಒಡೆದು ಎರಡು ಎಲೆ ಬಿಟ್ಟಿತ್ತು.

“ಇದು ಬೇಲದ ಹಣ್ಣಿನ ಬೀಜ. ಆನೆ ಅಲ್ಲೆಲ್ಲೋ ತಿಂದು ಇಲ್ಲಿ ಬಂದು ಹಾಕಿದೆ. ನಿಮ್ಮ ಕೈಯಲ್ಲಿರೋದು ಮುಂದಿನ ಕಾಡು ಬುದ್ಧಿ. ಹಗುರವಾಗಿ ಹಿಡ್ಕೊಳಿ.”

ರಾಜ ಹಗುರವಾಗಿ ಹಿಡಿದುಕೊಂಡ. ಅದನ್ನು ನೆಲದಲ್ಲಿ ಇಡಲು ಬಗ್ಗಿದಾಗ ಕೆಸರಿನಲ್ಲಿ ಒಂದು ಗುರುತು ಕಂಡಿತು. ದುಂಡಗೆ, ಹರಿವಾಣದಷ್ಟು ದೊಡ್ಡದು, ನಡುವೆ ಬಿರುಕು ಬಿರುಕಿನ ಚಿತ್ತಾರ.

“ಈ ಠಸ್ಸೆ ಯಾರು ಒತ್ತಿದ್ದು?” ಅಂದ. ದನಿ ಸಣ್ಣಗಾಗಿತ್ತು.

“ಆನೆ. ಬೆಳಿಗ್ಗೆ ಹೋಗಿದೆ. ಅಂಚು ಇನ್ನೂ ಕುಸಿದಿಲ್ಲ.”

“ಯಾರ ಪುಸ್ತಕಕ್ಕೆ?”

“ಯಾರ ಪುಸ್ತಕಕ್ಕೂ ಅಲ್ಲ. ನಡೀತಾ ಹೋಗುತ್ತೆ, ಅಷ್ಟೆ.”

ರಾಜ ಪುಸ್ತಕ ತರಿಸಿದ. ಪುಸ್ತಕ ಹೆಜ್ಜೆಯೊಳಗೆ ಇಳಿಯಲಿಲ್ಲ, ಹೆಜ್ಜೆ ಪುಸ್ತಕದ ಮೇಲೆ ಏರಲಿಲ್ಲ. ಅಷ್ಟರಲ್ಲಿ ಅವನಿಗೆ ಮುಂದೆ ಇನ್ನೊಂದು ಹೆಜ್ಜೆ ಕಂಡಿತು. ಅದರ ಮುಂದೆ ಇನ್ನೊಂದು. ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟ. ಕೇತಮ್ಮ ಜೊತೆಗೆ ನಡೆದಳು. ಈಗ ಅವಳಿಗೆ ಮಾತು ತಾನಾಗಿ ಬಂತು. ಆನೆ ಇಲ್ಲಿ ಮೈ ಉಜ್ಜಿದೆ, ಇಲ್ಲಿ ಮರಿಯನ್ನು ಕಾದು ನಿಂತಿದೆ, ಈ ಮರದ ತೊಗಟೆ ಅದಕ್ಕೆ ಹಿಡಿಸಿಲ್ಲ ಎಂದಳು. ದಿವಾನ ಹಿಂದೆ ಬಂದ. ಕಾಡು ಅರ್ಧ ಮಾತ್ರ ಇದ್ದುದರಿಂದ ಅವನು ಅರ್ಧ ಮರಗಳಿಗೆ ಮಾತ್ರ ಡಿಕ್ಕಿ ಹೊಡೆದ.

ಹಳ್ಳದ ಬಳಿ ಒಂದು ಹಳೆಯ ಹೆಜ್ಜೆಯಲ್ಲಿ ನೀರು ನಿಂತಿತ್ತು. ನೀರಿನಲ್ಲಿ ಕಪ್ಪೆಯ ಮರಿಗಳು ಬಾಲ ಅಲ್ಲಾಡಿಸುತ್ತಿದ್ದವು. ರಾಜ ಮಂಡಿಯೂರಿದ.

“ಲಕ್ಕಪ್ಪಯ್ಯ,” ಅಂದ, “ಮೆಲ್ಲಗೆ ಬಾ. ಠಸ್ಸೆಯಲ್ಲಿ ಯಾರೋ ಸಂಸಾರ ಮಾಡ್ತಿದ್ದಾರೆ.”

ದಿವಾನ ತುದಿಗಾಲಲ್ಲಿ ಬಂದು ಪಕ್ಕದಲ್ಲಿ ಬಗ್ಗಿ ನೋಡಿದ.

ಎಲ್ಲರೂ ಚೌಕಿಗೆ ಮರಳಿದರು. ರಾಜ ಬಲಗೈ ಎತ್ತಿ ಪ್ರಮಾಣ ಮಾಡಿದ. ಕೈಗೆ ಲದ್ದಿ ಮೆತ್ತಿತ್ತು, ಅದರಿಂದ ಪ್ರಮಾಣಕ್ಕೇನೂ ತೊಂದರೆಯಾಗಲಿಲ್ಲ. ಕೇತಮ್ಮ ಅವನ ಎದೆಗೆ ಮರದ ಬಿಲ್ಲೆ ಚುಚ್ಚಿದಳು. ಅಷ್ಟರಲ್ಲಿ ಎಡಗಡೆಯಿಂದ ಶಾಯಿ ಆನೆ ನಡೆದು ಬಂತು. ಮೇಜಿನ ಕಾಲು ಹತ್ತಿ, ಪ್ಯಾಡಿನ ಬೈಗುಳ ಕೇಳಿಸಿಕೊಂಡು, ಠಸ್ಸೆಯೊಳಗೆ ಹೋಗಿ ನಿಂತಿತು. ಕಾಲಿನ ಕೆಸರು ತೊಳೆದಿರಲಿಲ್ಲ.

“ಮಿಕ್ಕರ್ಧ ಬಂತು ಬುದ್ಧಿ. ಒತ್ತಲಾ?” ಅಂದಳು ಕೇತಮ್ಮ.

“ಹ್ಞಾಂ, ಒತ್ತು,” ಅಂದ ರಾಜ. ಅವನು ಪುಸ್ತಕದ ಕಡೆ ನೋಡುತ್ತಿರಲಿಲ್ಲ. “ನಾಳೆ ಯಾವ ಪಾಠ?”

“ಬಿದಿರು.”

“ಬೇಗ ಶುರುಮಾಡು.”

ದಿವಾನ ಹಣೆ ಉಜ್ಜಿಕೊಳ್ಳುತ್ತ ಮುಂದೆ ಬಂದ. “ಬುದ್ಧಿ, ಪುಸ್ತಕದ ಅರಮನೆ?”

“ಕಟ್ಟಬಹುದು. ಎಲ್ಲಿ ಕಟ್ತೀಯ?”

“ಇಲ್ಲೇ ಅಂದುಕೊಂಡಿದ್ದೆ.”

ರಾಜ ಸುತ್ತ ನೋಡಿದ. ನಿಧಾನವಾಗಿ, ಒಂದೊಂದೇ ಮರವಾಗಿ ನೋಡಿದ. “ಇಲ್ಲಿ ಜಾಗ ಎಲ್ಲಿದೆ ಲಕ್ಕಪ್ಪಯ್ಯ?” ಅಂದ. “ಎಲ್ಲ ಕಡೆ ಕಾಡಿದೆ.”

ಈ ಕತೆಯ ನೀತಿ ಏನೆಂದರೆ, ಆನೆಯ ಕಾಲು ದುಂಡಗಿರುತ್ತದೆ. ಇದಕ್ಕಿಂತ ದೊಡ್ಡ ನೀತಿ ಬೇಕಾದವರು ಬೆಳಿಗ್ಗೆ ಮುತ್ತುಗದ ಕಾಡಿಗೆ ಹೋಗಿ. ದಿಮ್ಮಿಯ ತುದಿಯಲ್ಲಿ ರಾಜ ಕೂತಿರುತ್ತಾನೆ, ಸ್ವಲ್ಪ ಸರಿಯಿರಿ ಎಂದರೆ ಸರಿಯುತ್ತಾನೆ. ಕತೆ ಅಲ್ಲೇ ಇರಲಿ, ನಾವು ಏಳೋಣ. ಏಳುವಾಗ ನಿಮ್ಮ ನಿಮ್ಮ ಕಡಲೆಕಾಯಿ ಸಿಪ್ಪೆ ಎತ್ತಿಕೊಂಡು ಹೋಗಿ.