ಕಮ್ಮಾರ ಕೊಂಡ ಗಾಳದ ಕೋಲು

"ಗುರುಗಳೇ, ಒಂದು ಕತ್ತೆ ಹೊರುವಷ್ಟು ಮಾತ್ರ ಒಯ್ಯಬಹುದು ಎಂದಿರಿ. ಹಾಗಾದರೆ ಯಾವ ಪುಸ್ತಕ ಒಯ್ಯಲಿ, ಯಾವುದನ್ನು ಬಿಡಲಿ?"

ಹೀಗೆ ಕೇಳಿದವನು ಕೇದಾರ. ಹನ್ನೊಂದು ವರ್ಷ ಗುರುಗಳ ಬಳಿ ಓದಿದವನು. ಬೆಟ್ಟದಾಚೆಯ ಒಂದು ಸಣ್ಣ ಹಟ್ಟಿಯಲ್ಲಿ ಶಾಲೆ ತೆರೆಯಲು ಗುರುಗಳು ಅವನನ್ನು ಕಳುಹಿಸುತ್ತಿದ್ದರು. ಅಲ್ಲಿ ಈವರೆಗೆ ಯಾರೂ ಶಾಲೆ ತೆರೆದಿರಲಿಲ್ಲ. ಎರಡು ದಿನ ಕೂತು ಅವನು ಒಂದು ಪಟ್ಟಿ ಮಾಡಿದ್ದ. ವ್ಯಾಕರಣ, ಗಣಿತ, ಪುರಾಣ, ವೈದ್ಯ, ಎಲ್ಲವೂ ಅದರಲ್ಲಿದ್ದವು. ಎಷ್ಟು ಹೊಡೆದು ಹಾಕಿದರೂ ಇನ್ನೂ ಮೂರು ಕತ್ತೆಯ ಹೊರೆ ಉಳಿಯುತ್ತಿತ್ತು.

ಗುರುಗಳು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಓದಲಿಲ್ಲ. ಮಡಿಸಿ ಪಕ್ಕಕ್ಕಿಟ್ಟು, "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಮೂವತ್ತು ವರ್ಷ ಚಮ್ಮಟಿಗೆ ಎತ್ತಿ ಹೊಡೆದಿದ್ದ. ಸುತ್ತಲ ಹಳ್ಳಿಗಳ ನೇಗಿಲ ಗುಳ, ಕುಡುಗೋಲು, ಬಂಡಿಯ ಪಟ್ಟೆ ಎಲ್ಲ ಅವನ ಕೈಯಿಂದಲೇ ಹೋಗುತ್ತಿದ್ದವು. ಒಂದು ವರ್ಷ ಅವನ ಬಲತೋಳು ಸೋತಿತು. ಮೊದಲು ನೋವು ಬಂತು. ಆಮೇಲೆ ಜೋಮು ಹಿಡಿಯಿತು. ಕೊನೆಗೆ ಮೊಣಕೈಯಿಂದ ಕೆಳಗೆ ಬಿಸಿ ಯಾವುದು, ತಣ್ಣಗಿನದು ಯಾವುದು ಎಂಬುದೂ ಸರಿಯಾಗಿ ತಿಳಿಯದಾಯಿತು.

ವೈದ್ಯ ತೋಳನ್ನು ಒತ್ತಿ ನೋಡಿ ಹೇಳಿದ: "ಇನ್ನು ಭಾರ ಎತ್ತಬೇಡ. ಹಾಗೆಂದು ತೋಳನ್ನು ಮಲಗಿಸಿಬಿಡಲೂ ಬೇಡ. ಹಗುರವಾದ ಕೆಲಸ ಏನಾದರೂ ಕೊಡು. ಇಲ್ಲವಾದರೆ ಅದು ಕೊರಡಾಗುತ್ತದೆ."

ಕುಲುಮೆಯನ್ನು ಅಳಿಯ ವಹಿಸಿಕೊಂಡ. ಕಮ್ಮಾರ ಜಗಲಿ ಹಿಡಿದ. ಅಲ್ಲಿಂದಲೇ ಅಳಿಯನ ಒಂದೊಂದು ಪೆಟ್ಟಿಗೂ ತಪ್ಪು ಹೇಳಿದ. ಕಬ್ಬಿಣ ಕಾಯಲಿಲ್ಲ ಎಂದ, ಕಾದದ್ದು ಹೆಚ್ಚಾಯಿತು ಎಂದ. ಮನೆಯವರಿಗೆಲ್ಲ ಸಾಕಾಗಿ ಹೋಯಿತು. ಅವನಿಗೂ ಸಾಕಾಗಿತ್ತು, ಆದರೆ ಬಾಯಿ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆದು ಅವನು ಎದ್ದು ಊರಾಚೆಯ ತೊರೆಯ ಕಡೆ ನಡೆದ. ಅಲ್ಲಿ ಪರಸ್ಥಳದವನೊಬ್ಬ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿಯುತ್ತಿದ್ದ. ಅವನ ಕೈಯಲ್ಲಿದ್ದ ಕೋಲು ಬೆರಳಿಗಿಂತ ಸಪೂರ. ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿದರೆ ದಾರ ತಲೆಯ ಮೇಲೆ ಸುರುಳಿ ಬಿಚ್ಚಿಕೊಂಡು ಹೋಗಿ ನೀರಿನ ಮೇಲೆ ಮಲಗುತ್ತಿತ್ತು. ದಾರದ ತುದಿಯ ಗಾಳದಲ್ಲಿ ಎರೆಹುಳು ಇರಲಿಲ್ಲ. ನೊಣದಂತೆ ಕಾಣುವ ಹಾಗೆ ಕಟ್ಟಿದ ಒಂದು ಚೂರು ಗರಿ ಇತ್ತು.

ಕಮ್ಮಾರ ಬಂಡೆಯ ಮೇಲೆ ಕೂತ. ಚಿಕ್ಕವನಿದ್ದಾಗ ಅವನೂ ಗಾಳ ಹಾಕಿದ್ದುಂಟು. ಆಗ ದಾರಕ್ಕೆ ಸೀಸದ ಗುಂಡು ಕಟ್ಟುತ್ತಿದ್ದರು; ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಇಲ್ಲಿ ಗುಂಡೇ ಇಲ್ಲ. ಉಫ್ ಎಂದರೆ ಹಾರುವ ಗರಿ ಮೂರು ಮಾರು ದೂರ ಹೋಗುವುದು ಹೇಗೆ? ಬಿಸಿಲು ನೆತ್ತಿಗೆ ಬಂದರೂ ಅವನು ಏಳಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಗರಿ ಹೋಗುವುದಿಲ್ಲ ಅಯ್ಯಾ, ದಾರ ಹೋಗುತ್ತದೆ" ಎಂದ ಪರಸ್ಥಳದವ. "ತೂಕ ಇರುವುದು ದಾರದಲ್ಲಿ. ಕೋಲಿನ ಬಳುಕು ಅದನ್ನು ಎಸೆಯುತ್ತದೆ. ಗರಿ ಸುಮ್ಮನೆ ಜೊತೆಗೆ ಹೋಗುತ್ತದೆ. ಬನ್ನಿ, ಹಿಡಿದು ನೋಡಿ."

ಕಮ್ಮಾರ ಬಲಗೈಯಲ್ಲೇ ಹಿಡಿದ. ತೋಳು ತಕರಾರು ಮಾಡಲಿಲ್ಲ. ಬೆಲೆ ಕೇಳಿದಾಗ ಮಾತ್ರ ಕೋಲನ್ನು ಮೆಲ್ಲನೆ ಹಿಂದಕ್ಕೆ ಕೊಟ್ಟ. ಒಂದು ಜೋಡಿ ಎತ್ತು ಬರುವಷ್ಟಾಗಿತ್ತು.

"ಅಗ್ಗದವೂ ಇವೆ" ಎಂದ ಪರಸ್ಥಳದವ. "ಪೇಟೆಯಲ್ಲಿ ಒಬ್ಬ ವರ್ತಕ ಇಟ್ಟಿದ್ದಾನೆ. ಆರಿಸಲು ಬರಬೇಕು, ಅಷ್ಟೇ."

ಆ ದಿನ ಊಟದ ಹೊತ್ತಿನಲ್ಲಿ ಕಮ್ಮಾರ ಅಳಿಯನ ಸುದ್ದಿ ಎತ್ತಲಿಲ್ಲ. ದಾರದ ಸುದ್ದಿ ಹೇಳಿದ, ಗರಿಯ ಸುದ್ದಿ ಹೇಳಿದ. ಕೈಯಿಂದ ಬೀಸಿ ತೋರಿಸಿದ. ಹೆಂಡತಿ ಕೇಳುತ್ತಲೇ ಎದ್ದು ಹೋಗಿ ಒಂದು ಗಂಟು ತಂದು ಮುಂದಿಟ್ಟಳು. ತಾಮ್ರದ ಹಂಡೆ ಕೊಳ್ಳಬೇಕೆಂದು ಅವಳು ನಾಲ್ಕು ವರ್ಷದಿಂದ ಕೂಡಿಟ್ಟದ್ದು.

"ಹಂಡೆ ಇನ್ನೊಂದು ವರ್ಷಕ್ಕೆ ಬಂದೀತು. ನೀವು ಜಗಲಿಯಿಂದ ಎದ್ದರೆ ಸಾಕು" ಎಂದಳು.

ಕಮ್ಮಾರ ಪೇಟೆಗೆ ಹೋದ. ವರ್ತಕ ಕೇಳಿದ್ದು ಒಂದೇ ಮಾತು: "ಯಾವ ನೀರಿಗೆ?"

"ನಮ್ಮೂರ ತೊರೆಗೆ. ನೀರೆಲ್ಲ ಒಂದೇ ತಾನೆ? ನನ್ನಲ್ಲಿ ಇರುವುದು ಇಷ್ಟು. ಇದರಲ್ಲಿ ಬರುವ ಒಳ್ಳೆಯದನ್ನು ಕೊಡಿ."

ವರ್ತಕ ಕೋಲುಗಳನ್ನೂ ದಾರ ಸುತ್ತುವ ರಾಟೆಗಳನ್ನೂ ಹರವಿದ. ಕಮ್ಮಾರನ ಕಣ್ಣು ಒಂದು ರಾಟೆಯ ಮೇಲೆ ನಿಂತಿತು. ಅದು ಹಿತ್ತಾಳೆ ಮತ್ತು ಉಕ್ಕಿನದು. ತಿರುಗಿಸಿದರೆ ಟಿಕ್ ಟಿಕ್ ಎಂದು ಒಂದೇ ಸಮನಾಗಿ ಸದ್ದು ಮಾಡುತ್ತಿತ್ತು. ಅವನು ಕಿವಿಯ ಬಳಿ ಹಿಡಿದು ತಿರುಗಿಸಿದ. ಒಳಗೆ ಕೊರೆದ ಹಲ್ಲುಗಳಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಹಲ್ಲು ಕೊರೆಯಲು ಅವನಿಂದ ಆಗಿರಲಿಲ್ಲ.

"ಅದು ಕಡಲಿನವರದು" ಎಂದ ವರ್ತಕ. "ಆಳುದ್ದದ ಮೀನು ದಾರ ಎಳೆದುಕೊಂಡು ಓಡುವಾಗ ತಡೆದು ಹಿಡಿಯುವುದಕ್ಕೆ."

"ಆಳುದ್ದದ್ದನ್ನು ತಡೆಯುವುದು ಗೇಣುದ್ದದ್ದನ್ನು ತಡೆಯದೇ?"

ವರ್ತಕ ರಾಟೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಗಂಟಿನ ಮುಕ್ಕಾಲು ಪಾಲು ರಾಟೆಗೆ ಹೋಯಿತು. ಉಳಿದದ್ದಕ್ಕೆ ಒಂದು ಒರಟು ಕೋಲು ಬಂತು, ಯಾರೋ ಬಳಸಿ ಬಿಟ್ಟ ದಾರ ಬಂತು, ಗರಿ ಕಟ್ಟಿದ ಒಂದು ಗಾಳ ಬಂತು.

ಕಮ್ಮಾರ ಮರುದಿನವೇ ತೊರೆಗೆ ಇಳಿದ. ಕೋಲು ಬಳುಕಲಿಲ್ಲ. ಅದು ಬಳುಕದೆ ದಾರ ಹಾರಲಿಲ್ಲ. ಜೋರಾಗಿ ಬೀಸಿದರೆ ಹಿಂದಿನ ಮರದ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ನೀರಿಗೆ ಚಾಟಿಯಂತೆ ಬಡಿಯುತ್ತಿತ್ತು. ಬಡಿದ ಕಡೆ ಮೀನು ಇರುತ್ತಿರಲಿಲ್ಲ. ರಾಟೆಯ ಭಾರಕ್ಕೆ ತೋಳು ಸಂಜೆಯ ಹೊತ್ತಿಗೆ ಉರಿಯುತ್ತಿತ್ತು. ಒಂದು ತಿಂಗಳು ಹೀಗೆ ಹೋಯಿತು. ಒಂದು ಮೀನೂ ಬರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನಿಸಿತು.

ಒಂದು ದಿನ ದಾರ ಮತ್ತೆ ಕೊಂಬೆಗೆ ಸಿಕ್ಕಿತು. ಬಿಡಿಸುವ ಹುಮ್ಮಸ್ಸು ಅವನಲ್ಲಿ ಉಳಿದಿರಲಿಲ್ಲ. ಕೋಲನ್ನು ದಡದಲ್ಲಿ ಹಾಕಿ ಬಂಡೆಯ ಮೇಲೆ ಬೋರಲು ಮಲಗಿದ. ಮುಖದ ಕೆಳಗೆ ನೀರು ಹರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಒಂದು ಮೀನು ಕಂಡಿತು.

ಗೇಣುದ್ದದ ಮೀನು. ಒಂದು ಕಲ್ಲಿನ ಮರೆಯಲ್ಲಿ, ಹರಿವ ನೀರಿನಲ್ಲಿ, ನಿಂತ ಹಾಗೆಯೇ ನಿಂತಿತ್ತು. ಇದ್ದಕ್ಕಿದ್ದಂತೆ ಮೇಲೆದ್ದು ನೀರಿನ ಮೇಲಿಂದ ಏನನ್ನೋ ತೆಗೆದುಕೊಂಡು ಮತ್ತೆ ಅದೇ ಕಲ್ಲಿನ ಮರೆಗೆ ಹೋಯಿತು. ಮತ್ತೆ ಎದ್ದಿತು, ಮತ್ತೆ ಹೋಯಿತು. ಏನು ತಿನ್ನುತ್ತಿದೆ ಇದು? ಕಮ್ಮಾರ ಬೊಗಸೆಯಲ್ಲಿ ನೀರು ತುಂಬಿ ನೋಡಿದ. ಎಳ್ಳಿನ ಗಾತ್ರದ ಕರಿಯ ಹುಳ ತೇಲುತ್ತಿತ್ತು. ಅದಕ್ಕೆ ರೆಕ್ಕೆಯಿತ್ತು. ಅವನು ತಿಂಗಳಿಡೀ ಎಸೆದ ಗರಿ ಜೀರುಂಡೆಯಷ್ಟು ದಪ್ಪಗಿತ್ತು.

ಮರುದಿನ ಅವನು ಕೋಲಿಲ್ಲದೆ ಬಂದ. ಅದರ ಮರುದಿನವೂ ಬಂದ. ತೊರೆಯ ಅಗಲವನ್ನು ಹೆಜ್ಜೆ ಹಾಕಿ ಅಳೆದ. ಯಾವ ಕಲ್ಲಿನ ಹಿಂದೆ ಯಾವ ಮೀನು ಎಂಬುದನ್ನು ಗುರುತಿಟ್ಟುಕೊಂಡ. ಬಿಸಿಲು ನೀರಿನ ಮೇಲಿದ್ದಾಗ ಮೀನು ಏಳುವುದಿಲ್ಲ ಎಂಬುದು ತಿಳಿಯಿತು. ಹೆದರಿದ ಮೀನು ಓಡಿದರೆ ಮುಂದಿನ ಕಲ್ಲಿನವರೆಗೆ, ಅಷ್ಟೇ ಎಂಬುದೂ ತಿಳಿಯಿತು. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ, ಅವಳು ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದಳು. ಅಳಿಯನ ಪೆಟ್ಟಿಗೆ ತಪ್ಪು ಹೇಳುವುದು ಆ ದಿನಗಳಲ್ಲಿ ತಾನಾಗಿಯೇ ನಿಂತುಹೋಯಿತು. ಯಾರೂ ಅದನ್ನು ಆಡಿ ತೋರಿಸಲಿಲ್ಲ.

ಎರಡು ವಾರವಾದ ಮೇಲೆ ಅವನು ಮತ್ತೆ ಪೇಟೆಗೆ ಹೋದ.

"ರಾಟೆ ಕೆಟ್ಟಿತೇ?" ಎಂದ ವರ್ತಕ.

"ಕೆಡಲಿಲ್ಲ. ಅದಕ್ಕೆ ಕೆಲಸವೇ ಸಿಗಲಿಲ್ಲ."

ಆಮೇಲೆ ಕಮ್ಮಾರ ತಾನಾಗಿ ಹೇಳಿದ. ತೊರೆ ಎಲ್ಲಿಯೂ ಒಂಬತ್ತು ಹೆಜ್ಜೆಗಿಂತ ಅಗಲವಿಲ್ಲ. ಎರಡೂ ದಡದಲ್ಲಿ ಮರ ಬಾಗಿದೆ. ಉದ್ದನೆಯ ಕೋಲು ಬೀಸಲಾಗದು. ಮೀನು ಗೇಣುದ್ದ, ಮೇಲಿನ ಹುಳವನ್ನಷ್ಟೇ ತಿನ್ನುತ್ತದೆ. ದಾರ ಸದ್ದಿಲ್ಲದೆ ಬೀಳಬೇಕು. ತನ್ನ ತೋಳು ಇಷ್ಟೇ ಹೊತ್ತು ತಡೆಯುತ್ತದೆ.

ವರ್ತಕ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದ. ಬಳಿಕ ಅಟ್ಟ ಹತ್ತಿ ಒಂದು ಮೋಟು ಕೋಲು ತಂದ. ಜೋಳದ ದಂಟಿಗಿಂತ ಹಗುರ, ಹಿಡಿದರೆ ತಾನಾಗಿ ತೂಗುತ್ತಿತ್ತು. "ನೋಡಲು ಏನೂ ಇಲ್ಲ, ಅದಕ್ಕೇ ಇದನ್ನು ಯಾರೂ ಕೊಳ್ಳುವುದಿಲ್ಲ" ಎಂದ. ಹೆಚ್ಚು ಹೊತ್ತು ಹಿಡಿದದ್ದು ದಾರ ಆರಿಸಲು. ಆ ಕೋಲನ್ನು ಬಳುಕಿಸುವಷ್ಟು ತೂಕ ಅದರಲ್ಲಿರಬೇಕು, ಹೆಚ್ಚೂ ಇರಬಾರದು. ಒಂದೊಂದೇ ದಾರ ಕಟ್ಟಿ ಅಂಗಡಿಯ ಮುಂದಿನ ಬೀದಿಯಲ್ಲಿ ಬೀಸಿ ನೋಡಿದರು. ದಾರ ಸುತ್ತಿಡಲು ಒಂದು ಸಾದಾ ಮರದ ರಾಟೆ ಸಾಕಾಯಿತು. ಹಿತ್ತಾಳೆಯ ರಾಟೆಯನ್ನು, ಕಮ್ಮಾರ ಕೊಟ್ಟಿದ್ದ ಬೆಲೆಗೇ, ವರ್ತಕ ಹಿಂದಕ್ಕೆ ತೆಗೆದುಕೊಂಡ. ಲೆಕ್ಕ ಮುಗಿದಾಗ ಕಮ್ಮಾರನ ಕೈಗೇ ಒಂದಷ್ಟು ದುಡ್ಡು ಮರಳಿ ಬಂತು.

"ಇದನ್ನು ಅಂದೇ ಏಕೆ ಕೊಡಲಿಲ್ಲ?" ಎಂದು ಕಮ್ಮಾರ ಕೇಳಿದ.

"ಅಂದು ನೀವು ದುಡ್ಡು ಎಷ್ಟಿದೆ ಎಂದಿರಿ. ನೀರು ಎಷ್ಟಿದೆ ಎನ್ನಲಿಲ್ಲ" ಎಂದ ವರ್ತಕ.

ಊರಿಗೆ ಬಂದ ಮೂರನೆಯ ದಿನ, ಬಿಸಿಲು ನೀರಿನಿಂದ ಸರಿದ ಮೇಲೆ, ಕಮ್ಮಾರ ತಾನೇ ಕಟ್ಟಿದ ಎಳ್ಳುಗಾತ್ರದ ಗರಿಯನ್ನು ಒಂದು ಕಲ್ಲಿನ ಮುಂದೆ ಇಳಿಸಿದ. ದಾರ ಮಲಗಿದ್ದು ಅವನಿಗೇ ಕೇಳಲಿಲ್ಲ. ಮೀನು ಎದ್ದಿತು. ಕೋಲು ಬಾಗಿತು. ಮೀನು ತಲೆ ಕೊಡವಿದ್ದು ಕೋಲಿನಲ್ಲಿ ಹಾದು ಅಂಗೈಗೆ ಬಂತು, ಅಂಗೈಯಿಂದ ಮುಂಗೈಗೆ ಬಂತು. ಬಿಸಿ, ತಂಪು ತಿಳಿಯದ ಆ ತೋಳಿನಲ್ಲಿ ಅವನು ಅದನ್ನು ಎಣಿಸಿದ. ಒಂದು ಸಲ. ಇನ್ನೊಂದು ಸಲ. ಮತ್ತೊಂದು ಸಲ. ಮೀನನ್ನು ದಡಕ್ಕೆ ತರುವುದನ್ನೇ ಮರೆತು ಹಾಗೆಯೇ ನಿಂತ.

ಆಮೇಲೆ ಅದನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಟ್ಟ. ಅದು ಹಿಂದಿನ ಕಲ್ಲಿಗೇ ಹೋಗುತ್ತದೆಯೋ, ಬೇರೆ ಕಡೆ ಹೋಗುತ್ತದೆಯೋ ಎಂದು ನೋಡುವುದಕ್ಕೆ.

ಗುರುಗಳು ಕತೆ ನಿಲ್ಲಿಸಿದರು.

ಕೇದಾರ ಮಡಿಸಿಟ್ಟ ಪಟ್ಟಿಯನ್ನು ಎತ್ತಿಕೊಂಡ. ಅವನ ಮುಖ ಹಗುರಾಗಿತ್ತು. "ತಿಳಿಯಿತು, ಗುರುಗಳೇ. ದೊಡ್ಡ ಗ್ರಂಥಗಳನ್ನು ಬಿಡುತ್ತೇನೆ. ತೆಳುವಾದವನ್ನು, ಸುಲಭವಾದವನ್ನು ಮಾತ್ರ ಒಯ್ಯುತ್ತೇನೆ."

ಗುರುಗಳು ಅವನನ್ನು ನೋಡಿ ಕೇಳಿದರು: "ಆ ಹಟ್ಟಿಯ ಮಕ್ಕಳಲ್ಲಿ ಒಬ್ಬರ ಹೆಸರಾದರೂ ನಿನಗೆ ಗೊತ್ತೇ?"

ಕೇದಾರ ಪಟ್ಟಿಯನ್ನು ಕೆಳಗಿಟ್ಟು, ಪುಸ್ತಕವಿಲ್ಲದೆ ಮೊದಲೊಮ್ಮೆ ಹಟ್ಟಿಗೆ ಹೋಗಿಬರಲು ಎದ್ದ.