ಆಚೆ ದಡದ ಕೂಗು

“ಗುರುಗಳೇ, ಪೂರ್ತಿ ತಿಳಿಯದೆ ಒಂದು ಕೆಲಸಕ್ಕೆ ಕೈ ಹಾಕುವುದು ತಪ್ಪಲ್ಲವೇ?” ಎಂದು ಮಠದ ಶಿಷ್ಯ ನಿರ್ವಾಣಯ್ಯ ಕೇಳಿದ.

ಅವನ ಊರಿನಲ್ಲಿ ಜನ ಎರಡು ಪಂಗಡವಾಗಿ ಬಡಿದಾಡುತ್ತಿದ್ದರು. ಗಂಡನನ್ನು ಕಳೆದುಕೊಂಡ ಅವನ ಅಕ್ಕ ಮಕ್ಕಳೊಂದಿಗೆ ನಡುವೆ ಸಿಕ್ಕಿಕೊಂಡಿದ್ದಳು. ಬಂದು ನಮ್ಮನ್ನು ಕರೆದುಕೊಂಡು ಹೋಗು ಎಂದು ಹೇಳಿಕಳಿಸಿದ್ದಳು. ಯಾವ ಪಂಗಡದ್ದು ನ್ಯಾಯ, ಕೊನೆಗೆ ಯಾರ ಕೈ ಮೇಲಾಗುತ್ತದೆ ಎಂಬುದು ತಿಳಿಯಲಿ ಎಂದು ನಿರ್ವಾಣಯ್ಯ ಮಠದಲ್ಲೇ ಉಳಿದಿದ್ದ. ಉಳಿದಿದ್ದನೇ ಹೊರತು ಕೂತಲ್ಲಿ ಕೂರಲು ಅವನಿಂದ ಆಗುತ್ತಿರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಪುಣೆಯ ಪೇಶ್ವೆಗೂ ಇಂಗ್ಲಿಷರ ಕುಂಪಣಿಗೂ ಕೊನೆಯ ಯುದ್ಧ ನಡೆದ ವರ್ಷ. ಕೃಷ್ಣೆಯ ದಂಡೆಯ ಮೇಲೆ ಭರಮ ಎಂಬ ಅಂಬಿಗನಿದ್ದ. ಆ ಜಾಗದಲ್ಲಿ ಹೊಳೆ ದಾಟಲು ಇದ್ದದ್ದು ಅವನ ಹರಿಗೋಲು ಒಂದೇ. ನಡುಹೊಳೆಯ ಸುಳಿ ತಪ್ಪಿಸುವುದೂ ಅವನೊಬ್ಬನಿಗೇ ಗೊತ್ತಿತ್ತು. ಹತ್ತಿದವರನ್ನು ನೀವು ಯಾರು, ಎಲ್ಲಿಗೆ ಹೋಗುತ್ತೀರಿ ಎಂದು ಅವನು ಕೇಳಿದವನಲ್ಲ. ಕರೆದರೆ ಹೋಗುತ್ತಿದ್ದ, ದಾಟಿಸಿ ಬರುತ್ತಿದ್ದ.

ಆ ವರ್ಷ ಹಾಗೆ ಇರಲು ಆಗಲಿಲ್ಲ. ಈಚೆ ದಡದ ಕೋಟೆಯ ಕಿಲ್ಲೇದಾರ ಪೇಶ್ವೆಯ ಕಡೆಯವನು. ತನ್ನ ಅಪ್ಪಣೆಯಿಲ್ಲದೆ ಒಂದು ನರಪಿಳ್ಳೆಯನ್ನೂ ದಾಟಿಸಕೂಡದು ಎಂದು ಅವನು ಡಂಗುರ ಹೊಡೆಸಿದ. ಕೆಳಗಿನ ಊರಿನ ಅಂಬಿಗ ಯಾರನ್ನೋ ದಾಟಿಸಿದನೆಂದು ಅವನ ಬೆನ್ನ ಚರ್ಮ ಸುಲಿಯುವಂತೆ ಹೊಡೆಸಿ, ಹರಿಗೋಲಿಗೆ ಬೆಂಕಿ ಇಡಿಸಿದ. ಇತ್ತ ದಾರಿಹೋಕರು ಬೇರೆಯೇ ಹೇಳಿದರು. ಕುಂಪಣಿಯವರು ಗೆದ್ದು ಬಂದರೆ, ಕಿಲ್ಲೇದಾರನ ಮಾತು ಕೇಳಿ ಹೊಳೆ ಮುಚ್ಚಿ ಕೂತವರನ್ನು ಅವರೂ ಬಿಡುವುದಿಲ್ಲವಂತೆ. ಭರಮ ಹರಿಗೋಲನ್ನು ಮರಳಿನ ಮೇಲೆ ಎಳೆದು ಬೋರಲು ಹಾಕಿದ. ಯಾರು ಗೆದ್ದರೆಂದು ತಿಳಿಯಲಿ, ಆಮೇಲೆ ನೀರಿಗೆ ಇಳಿಸಿದರಾಯಿತು ಎಂದುಕೊಂಡ.

ಅಂದಿನಿಂದ ಅವನಿಗೆ ಸುದ್ದಿಯ ಹುಚ್ಚು ಹಿಡಿಯಿತು. ಬೆಳಗಾದರೆ ಹೆದ್ದಾರಿಗೆ ಹೋಗಿ ನಿಲ್ಲುತ್ತಿದ್ದ. ದಂಡಿಗೆ ದವಸ ಸಾಗಿಸುವ ಲಂಬಾಣಿಗಳನ್ನು ಕೇಳುತ್ತಿದ್ದ, ಎಣ್ಣೆ ವ್ಯಾಪಾರಿಗಳನ್ನು ಕೇಳುತ್ತಿದ್ದ, ಕುಂಟುತ್ತ ಊರಿಗೆ ಮರಳುವ ಸಿಪಾಯಿಗಳನ್ನು ತಡೆದು ಕೇಳುತ್ತಿದ್ದ. ಪುಣೆ ಬಿತ್ತು ಎಂದ ಒಬ್ಬ. ಬಿದ್ದದ್ದು ಸುಳ್ಳು, ಪೇಶ್ವೆಯೇ ಲೆಕ್ಕವಿಲ್ಲದಷ್ಟು ಕುದುರೆ ಕಟ್ಟಿಕೊಂಡು ಇತ್ತ ಬರುತ್ತಿದ್ದಾನೆ ಎಂದ ಇನ್ನೊಬ್ಬ. ಕಡಲಾಚೆಯ ಫ್ರೆಂಚರ ಬಾದಶಹನನ್ನೇ ನಡುಗಡ್ಡೆಯಲ್ಲಿ ಕೂಡಿಹಾಕಿದ ಜನ ಈ ಇಂಗ್ಲಿಷರು, ಇವರ ಮುಂದೆ ಯಾರು ನಿಂತಾರು ಎಂದ ಮತ್ತೊಬ್ಬ. ಆ ಬಾದಶಹ ತಪ್ಪಿಸಿಕೊಂಡು ಹಡಗುಗಟ್ಟಲೆ ತೋಪು ತರುತ್ತಿದ್ದಾನೆ ಎಂದೂ ಕೇಳಿಬಂತು. ಉತ್ತರದಲ್ಲಿ ಕುಂಪಣಿಯ ದಂಡಿಗೆ ವಾಂತಿಭೇದಿ ಹೊಕ್ಕು ಹೆಣ ಹೂಳುವವರಿಲ್ಲ ಎಂದರು. ಬೆಳಿಗ್ಗೆ ಕೇಳಿದ್ದನ್ನು ಸಂಜೆ ಬಂದವನು ಅಳಿಸಿಹಾಕುತ್ತಿದ್ದ. ಭರಮನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ದಾರಿಯಲ್ಲಿ ಗೊರಸಿನ ಸಪ್ಪಳವಾದರೆ ಬಾಯಿಗಿಟ್ಟ ತುತ್ತು ಬಿಟ್ಟು ಏಳುತ್ತಿದ್ದ.

ಹೀಗಿರುವಾಗ ಆಚೆ ದಡದ ಊರಿಗೆ ಕುದುರೆ ಸವಾರರು ನುಗ್ಗಿದರು. ಯಾರ ಕಡೆಯವರೋ ಗೊತ್ತಾಗಲಿಲ್ಲ. ಕಣಜಗಳನ್ನು ದೋಚಿ, ಮನೆಗಳಿಗೆ ಬೆಂಕಿ ಇಟ್ಟು ಹೋದರು. ಅಳಿದುಳಿದ ಜನ ಹೊಳೆಯ ದಂಡೆಗೆ ಬಂದು ನಿಂತರು. ಸವಾರರು ಮತ್ತೆ ಬರುತ್ತಾರೆಂಬ ಹೆದರಿಕೆ ಅವರಿಗೆ. ಮುಂದೆ ನಿಂತು ಕೂಗುತ್ತಿದ್ದವಳು ಸಾಬವ್ವ ಎಂಬ ಮುದುಕಿ. ಎರಡೂ ದಡದ ಊರುಗಳಿಗೆ ಅವಳೇ ಸೂಲಗಿತ್ತಿ. ಭರಮನ ಮಕ್ಕಳೆಲ್ಲ ಅವಳ ಕೈಯಲ್ಲಿ ಹುಟ್ಟಿದವು.

ಭರಮನ ಹೆಂಡತಿ ಕಾಶವ್ವ ನೀರಿನ ಅಂಚಿಗೆ ಹೋಗಿ ನೋಡಿ ಬಂದಳು.

“ಸಾಬವ್ವ ಕರೆಯಾಕ ಹತ್ತ್ಯಾಳ. ನಿನಗ ಕೇಳಸೂದಿಲ್ಲೇನು?”

“ಕೇಳಸ್ತದ. ಮೊದಲು ಯಾರು ಗೆದ್ದರು ಅನ್ನೂದು ತಿಳೀಲಿ.”

“ಯಾರರೆ ಒಬ್ಬರು ಗೆದ್ದರ ಅಕಿಗೆ ಈಜು ಬರತದೇನು?”

ಕೆಳಗಿನ ಊರಿನ ಅಂಬಿಗನ ಬೆನ್ನು ಭರಮನ ಕಣ್ಣ ಮುಂದೆಯೇ ಇತ್ತು. ಹರಿಗೋಲಿನ ಹತ್ತಿರ ಹೋದ, ಅಂಚಿಗೆ ಕೈ ಹಾಕಿದ, ಬಿಟ್ಟ. ಬಾಗಿಲು ಮುಚ್ಚಿದ ಕೋಟೆಯ ಕಡೆ ನೋಡಿದ. ಇನ್ನೊಂದು ಸಲ ವಿಚಾರಿಸಿ ಬರುತ್ತೇನೆಂದು ಹೆದ್ದಾರಿಗೆ ನಡೆದ. ಅಲ್ಲಿ ಯಾರೂ ಸಿಗಲಿಲ್ಲ. ಮರಳಿದ, ಮತ್ತೆ ಹೋದ. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಅವನ ಹೆಸರು ಹೊಳೆ ದಾಟಿ ಬರುತ್ತಿತ್ತು.

ಮರುದಿನ ಆಚೆ ದಡದಲ್ಲಿ ಜನ ಕಡಿಮೆಯಾಗಿದ್ದರು. ಅದರ ಮರುದಿನ ಸಾಬವ್ವ ಒಬ್ಬಳೇ ಕೂತಿದ್ದಳು. ಕೂಗುತ್ತಿರಲಿಲ್ಲ.

ಅಂದು ಹೆದ್ದಾರಿಯಲ್ಲಿ ಒಬ್ಬ ಸಿಪಾಯಿ ಸಿಕ್ಕ. ಕೋಟೆಯಲ್ಲಿ ಚಾಕರಿ ಮಾಡುತ್ತಿದ್ದವನು, ಈಗ ಬರಿಗೈಯಲ್ಲಿ ಊರಿಗೆ ಹೊರಟಿದ್ದ. ಈ ಸೀಮೆಯಲ್ಲಿ ಯುದ್ಧ ಮುಗಿಯಿತು, ಕುಂಪಣಿಯವರು ಗೆದ್ದರು ಎಂದ. ಕಿಲ್ಲೇದಾರ ಎಲ್ಲಿ ಎಂದು ಭರಮ ಕೇಳಿದ. ಅವನು ರಾತ್ರೋರಾತ್ರಿ ಓಡಿಹೋಗಿ ಎಷ್ಟೋ ದಿನವಾಯಿತು, ಆಚೆ ಊರು ಸುಡುವ ಮೊದಲೇ ಕೋಟೆ ಬರಿದಾಗಿತ್ತು ಎಂದು ಹೇಳಿ ಸಿಪಾಯಿ ಮುಂದೆ ನಡೆದ.

ಭರಮ ಓಡಿದ. ಹರಿಗೋಲನ್ನು ಒಬ್ಬನೇ ನೀರಿಗೆ ನೂಕಿದ. ಅಷ್ಟು ಬೇಗ ಅವನು ಎಂದೂ ಹೊಳೆ ದಾಟಿರಲಿಲ್ಲ. ಸಾಬವ್ವ ಕೂತಲ್ಲೇ ಕೂತಿದ್ದಳು. ಉಳಿದವರೆಲ್ಲ ಎಲ್ಲಿ ಎಂದು ಕೇಳಿದ. ಬೇಸಿಗೆಯಲ್ಲಿ ನಡೆದು ದಾಟುವ ಬಂಡೆಗಳ ಕಡೆಗೆ ಹೋದರು ಎಂದಳು. ಅಲ್ಲಿ ನೀರು ಇನ್ನೂ ಇಳಿದಿರಲಿಲ್ಲ. ಕೈ ಕೈ ಹಿಡಿದು ಇಳಿದವರಲ್ಲಿ ಕೆಲವರು ದಡ ಸೇರಿದರು, ಕೆಲವರನ್ನು ಹೊಳೆ ಎಳೆದುಕೊಂಡು ಹೋಯಿತು. ಸಾಬವ್ವನ ಸೊಸೆ ಹೋದಳು, ಅವಳ ಬೆನ್ನಿಗೆ ಕಟ್ಟಿದ್ದ ಕೂಸೂ ಹೋಯಿತು. ಅಷ್ಟು ದೂರ ನಡೆಯಲಾರದ ಮುದುಕಿ ಮಾತ್ರ ಇಲ್ಲೇ ಉಳಿದಳು.

ಭರಮ ಅವಳನ್ನು ಎತ್ತಿಕೊಂಡು ಬಂದು ಹರಿಗೋಲಿನಲ್ಲಿ ಕೂರಿಸಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಹುಟ್ಟು ಹಾಕುತ್ತ ಹಾಕುತ್ತ ಆ ಮೌನವನ್ನು ತಡೆಯಲು ಅವನಿಂದಾಗಲಿಲ್ಲ.

“ಯುದ್ಧ ಮುಗೀತಂತ, ಅವ್ವ. ಕುಂಪಣಿಯವರು ಗೆದ್ದರಂತ.”

ಸಾಬವ್ವ ಅವನ ಮುಖ ನೋಡಿದಳು.

“ಅವರು ಯಾರಪ್ಪ?” ಎಂದು ಕೇಳಿದಳು.

ಭರಮ ಬಹಳ ವರ್ಷ ಬದುಕಿದ. ಸಾಬವ್ವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಅವಳು ಮತ್ತೆ ಸೂಲಗಿತ್ತಿ ಕೆಲಸಕ್ಕೆ ಹೋದಳು. ಕರೆ ಬಂದಾಗಲೆಲ್ಲ ಅವನೇ ಅವಳನ್ನು ದಾಟಿಸಿ, ಬಾಣಂತಿಯ ಮನೆಯ ಹೊರಗೆ ಕೂಸಿನ ಅಳು ಕೇಳುವವರೆಗೆ ಕಾದು ನಿಲ್ಲುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಸುದ್ದಿ ತಡವಾಗಿ ಬಂದದ್ದೇ ಅನರ್ಥಕ್ಕೆ ಕಾರಣವಾಯಿತು, ಗುರುಗಳೇ. ಕೋಟೆ ಬರಿದಾದ ದಿನವೇ ಅವನಿಗೆ ತಿಳಿದಿದ್ದರೆ ಅಷ್ಟು ಜನ ಉಳಿಯುತ್ತಿದ್ದರು.”

“ಅವನಿಗೆ ಬೇಕಾದ ಸುದ್ದಿಯನ್ನು ಸಾಬವ್ವ ಮೊದಲ ದಿನವೇ ಕೂಗಿ ಹೇಳಿದ್ದಳಲ್ಲ” ಎಂದರು ಗುರುಗಳು.

ನಿರ್ವಾಣಯ್ಯ ಎದ್ದು ಊರಿನ ದಾರಿ ಹಿಡಿದ.